ಗುಂಡು ಎಂಬ ಒಂದು ಪದ

ನಾನು ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಶಿಕ್ಷಕನಾಗಿದ್ದೆ. ಒಂದು ದಿನ ನಾಲ್ಕನೆಯ ಇಯತ್ತೆಯ ಮಕ್ಕಳಿಗೆ ಚಿಕ್ಕ ಪರೀಕ್ಷೆ ಕೊಟ್ಟೆ. ಹತ್ತು ಪದಗಳನ್ನು ಫಲಕದ ಮೇಲೆ ಬರೆದು ಅವುಗಳ ಅರ್ಥ ಬರೆಯಲು ಹೇಳಿದೆ. ಆರನೆಯ ಪದ 'ಗುಂಡು'.

ಆ ವಾರ ನಾವು ಒಬ್ಬ ಸೈನಿಕನ ಕಥೆ ಓದಿದ್ದೆವು. ಆದ್ದರಿಂದ ನನ್ನ ಮನಸ್ಸಿನಲ್ಲಿ ಉತ್ತರ ಒಂದೇ ಇತ್ತು. ಗುಂಡು ಎಂದರೆ ಬಂದೂಕಿನಿಂದ ಹಾರಿಸುವಂಥದ್ದು. ಬಹಳ ಮಕ್ಕಳು ಹಾಗೆಯೇ ಬರೆದಿದ್ದರು. ಒಬ್ಬ ಹುಡುಗಿ ಮಾತ್ರ 'ನಮ್ಮ ಆಯಿ ಖಾರ ರುಬ್ಬುವ ಕಲ್ಲು' ಎಂದು ಬರೆದಿದ್ದಳು. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತಾರೆ. ನಾನು ಹೆಚ್ಚು ಯೋಚಿಸಲಿಲ್ಲ. ಕೆಂಪು ಶಾಯಿಯಿಂದ ತಪ್ಪು ಎಂದು ಗೆರೆ ಎಳೆದೆ.

ಅವಳು ಪ್ರಶ್ನೆ ಕೇಳಿದ ಕೂಡಲೇ ಕೈ ಎತ್ತುವ ಹುಡುಗಿ. ಆ ದಿನದಿಂದ ಅವಳ ಕೈ ಮೇಲೆ ಬರಲಿಲ್ಲ. ನನ್ನ ಗಮನಕ್ಕೆ ಅದೂ ಬರಲಿಲ್ಲ. ಒಂದು ವಾರದ ಮೇಲೆ ಅವಳ ಮನೆಯ ಮುಂದೆ ಹೋಗುತ್ತಿದ್ದಾಗ ಅವಳ ಆಯಿ ನನ್ನನ್ನು ಕರೆದರು. ಅಂಗಳದಲ್ಲಿ ಒಳಕಲ್ಲು ಇತ್ತು. ಅದರ ಮೇಲೆ ನುಣ್ಣಗೆ ಸವೆದ ಕರಿಯ ಗುಂಡು ಇತ್ತು. ಆಯಿ ಅದರ ಮೇಲೆ ಕೈ ಇಟ್ಟು ಕೇಳಿದರು:

"ಏನ್ರಿ ಮಾಸ್ತರ, ನಮ್ಮ ಹುಡುಗಿ ಬರದದ್ದು ತಪ್ಪೇನ್ರಿ? ಐವತ್ತು ವರ್ಷ ಆತು, ಈ ಗುಂಡು ತಿರುವಿ ತಿರುವಿ ನನ್ನ ರಟ್ಟಿ ಗಟ್ಟಿ ಆಗ್ಯಾವು. ಇದಕ ಗುಂಡು ಅನ್ನಬಾರದಂದ್ರ ಮತ್ತೇನನ್ನಬೇಕ್ರಿ?"

ನನ್ನ ಬಳಿ ಉತ್ತರ ಇರಲಿಲ್ಲ. ಹುಡುಗಿ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಳು. ನಾನು ಆಯಿಗೆ, "ತಪ್ಪು ನಂದೇ ಐತಿ ಬಿಡ್ರಿ" ಎಂದೆ. ಮರುದಿನ ತರಗತಿಯಲ್ಲಿ ಎಲ್ಲರ ಎದುರಿಗೆ ಅವಳ ಉತ್ತರವನ್ನು ಸರಿ ಎಂದು ತಿದ್ದಿದೆ. ನಂತರ ಮಕ್ಕಳಿಗೆ ಒಂದು ಕೆಲಸ ಕೊಟ್ಟೆ. "ಇವತ್ತು ಮನೆಗೆ ಹೋಗಿ, ಗುಂಡು ಅಂತ ಯಾವುದಕ್ಕೆಲ್ಲ ಕರೆಯುತ್ತಾರೆ ಕೇಳಿಕೊಂಡು ಬನ್ನಿ" ಎಂದೆ.

ಮಕ್ಕಳೇ, ಆ ಕೆಲಸದಿಂದ ನಾನು ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಇಷ್ಟು: ಒಂದು ಪದಕ್ಕೆ ಒಂದೇ ಅರ್ಥ ಎಂದು ಕಲಿಯಬಾರದು, ಕಲಿಸಲೂಬಾರದು. ಪದದ ಅರ್ಥ ಅದು ಯಾರ ಬಾಯಲ್ಲಿದೆ, ಯಾವ ಕೆಲಸದಲ್ಲಿದೆ ಎಂಬುದರ ಮೇಲೆ ನಿಂತಿರುತ್ತದೆ. ಮನೆಯಿಂದ ತಂದ ಮಾತನ್ನು ಶಾಲೆಯ ಬಾಗಿಲಲ್ಲಿ ಬಿಟ್ಟು ಬರಬೇಕಾಗಿಲ್ಲ.

ಮರುದಿನ ಮಕ್ಕಳು ತಂದ ಪಟ್ಟಿಯನ್ನು ನೋಡಿ.

ಒಬ್ಬ ಹುಡುಗ ಜೇಬಿನಿಂದ ಗಾಜಿನ ಗೋಲಿಗುಂಡು ತೆಗೆದು ಮೇಜಿನ ಮೇಲೆ ಇಟ್ಟ. ಅದು ಉರುಳಿ ಕೆಳಗೆ ಬಿತ್ತು. ಎಲ್ಲರೂ ನಕ್ಕರು. ಉರುಳುವುದೇ ಗುಂಡಿನ ಗುಣವಲ್ಲವೇ?

ಇನ್ನೊಬ್ಬ, ಗರಡಿಮನೆಯ ಮುಂದಿರುವ ಕಲ್ಲಿನ ಗುಂಡಿನ ಸುದ್ದಿ ತಂದ. ಜಾತ್ರೆಯಲ್ಲಿ ಪೈಲವಾನರು ಅದನ್ನು ಹೆಗಲ ಮೇಲೆ ಎತ್ತುತ್ತಾರೆ. ಹಿಡಿಯಲು ಕಿವಿ ಇಲ್ಲ, ಅಂಚು ಇಲ್ಲ. ದುಂಡಗಿರುವುದರಿಂದಲೇ ಅದನ್ನು ಎತ್ತುವುದು ಕಷ್ಟ. ಯಾವ ಕೆಲಸ ಹೇಳಿದರೂ ಕುಳಿತಲ್ಲಿಂದ ಏಳದವನಿಗೆ 'ಗುಂಡುಕಲ್ಲಿನಂತೆ ಕುಳಿತಿದ್ದಾನೆ' ಎನ್ನುವುದನ್ನು ನೀವು ಕೇಳಿರಬಹುದು. ಗಟ್ಟಿಮುಟ್ಟಾಗಿ ಆರೋಗ್ಯದಿಂದ ಇರುವವನಿಗೂ 'ಗುಂಡುಕಲ್ಲಿನ ಹಾಗೆ ಇದ್ದಾನೆ' ಎನ್ನುತ್ತಾರೆ. ಕಲ್ಲು ಒಂದೇ. ಒಂದು ಮಾತು ಬೈಗುಳ, ಇನ್ನೊಂದು ಮೆಚ್ಚುಗೆ.

ಆಟದ ಬಯಲಿನಿಂದ ಬಂದ ಪದ 'ಗುಂಡು ಎಸೆತ'. ದೊಡ್ಡ ಸ್ಪರ್ಧೆಗಳಲ್ಲಿ ಗಂಡಸರು ಎಸೆಯುವ ಗುಂಡಿನ ತೂಕ 7.26 ಕಿಲೋಗ್ರಾಂ. ಹೆಂಗಸರು ಎಸೆಯುವುದು 4 ಕಿಲೋಗ್ರಾಂ. ಇದೇ ಆಟಕ್ಕೆ ನಮ್ಮ ಮರಾಠಿ ಗೆಳೆಯರು 'ಗೋಳಾಫೇಕ್' ಎನ್ನುತ್ತಾರೆ. ಗೋಳಾ ಎಂದರೂ ಗುಂಡೇ.

ಒಬ್ಬ ಹುಡುಗಿ ಪೆಟ್ಟಿಗೆಯಿಂದ ಗುಂಡುಸೂಜಿ ತಂದಿದ್ದಳು. "ಸರ್, ಇದು ಚೂಪು ಐತಿ. ಇದಕ್ಕ್ಯಾಕ ಗುಂಡು ಅಂತಾರ?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಬಟ್ಟೆ ಹೊಲಿಯುವ ಸೂಜಿಗೆ ಕಣ್ಣು ಇರುತ್ತದೆ. ಈ ಸೂಜಿಗೆ ಕಣ್ಣಿಲ್ಲ, ಅದರ ಬದಲು ದುಂಡಗಿನ ತಲೆ ಇದೆ. ಎರಡು ಸೂಜಿಗಳನ್ನು ಬೇರೆ ಮಾಡಲು ಜನರು ಆ ತಲೆಯನ್ನೇ ಹಿಡಿದು ಹೆಸರಿಟ್ಟರು. ವಸ್ತು ಎಲ್ಲ ದುಂಡಗೆ ಇರಬೇಕಾಗಿಲ್ಲ. ಗುರುತು ಹಿಡಿಯುವ ಒಂದು ಭಾಗ ದುಂಡಗಿದ್ದರೂ ಹೆಸರು ಬರುತ್ತದೆ.

ಬಂದೂಕಿನ ಗುಂಡಿನ ಕಥೆ ಇನ್ನೂ ಬೇರೆ. ಹಿಂದೆ ಬಂದೂಕುಗಳಲ್ಲಿ ಸೀಸದ ಚಿಕ್ಕ ಉಂಡೆಗಳನ್ನು ತುಂಬುತ್ತಿದ್ದರು. ಅವು ನಿಜವಾಗಿಯೂ ದುಂಡಗಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಮುಂದೆ ಚೂಪಾದ, ಉದ್ದನೆಯ ಆಕಾರ ಬಂತು. ವಸ್ತು ಉದ್ದವಾಯಿತು, ಹೆಸರು ಮಾತ್ರ ಗುಂಡಾಗಿಯೇ ಉಳಿಯಿತು. ಹೆಸರನ್ನು ಹಿಡಿದು ಹಿಂದೆ ಹೋದರೆ ಹಳೆಯ ವಸ್ತು ಕಾಣಿಸುತ್ತದೆ.

ತೋಪುಗಳಿಗೂ ಗುಂಡು ಬೇಕು. ವಿಜಯಪುರದ ಕೋಟೆಯ ಬುರುಜಿನ ಮೇಲೆ 'ಮಲಿಕ್-ಎ-ಮೈದಾನ್' ಎಂಬ ತೋಪು ಇದೆ. ಅದನ್ನು 1549ರಲ್ಲಿ ಅಹ್ಮದನಗರದಲ್ಲಿ, ಅಂದರೆ ಇಂದಿನ ಅಹಿಲ್ಯಾನಗರದಲ್ಲಿ, ಎರಕ ಹೊಯ್ದರು. ಅದರ ತೂಕ ಸುಮಾರು 55 ಟನ್. ಅದರ ಬಾಯಿಯ ಅಗಲವೇ ಅರ್ಧ ಮೀಟರಿಗಿಂತ ಹೆಚ್ಚು. ಅಂಥ ಬಾಯಿಗೆ ಎಷ್ಟು ದೊಡ್ಡ ಗುಂಡು ಬೇಕು, ನೀವೇ ಊಹಿಸಿ. ನಮ್ಮ ಮಕ್ಕಳು ಪ್ರವಾಸದಲ್ಲಿ ಅದನ್ನೂ ನೋಡಿದ್ದರು, ಗೋಲಗುಂಬಜವನ್ನೂ ನೋಡಿದ್ದರು. ಗೋಲಗುಂಬಜದ ಗುಮ್ಮಟದ ವ್ಯಾಸ ಸುಮಾರು 44 ಮೀಟರ್. ಗೋಲ ಎಂದರೂ ದುಂಡಗಿನದು ಎಂದೇ ಅರ್ಥ. ಗೋಲಿಯಿಂದ ಗೋಲಗುಂಬಜದವರೆಗೆ ದುಂಡು ಒಂದೇ, ಅಳತೆ ಬೇರೆ.

ಸೊಲ್ಲಾಪುರದಿಂದ ಬಂದು ನಮ್ಮ ಶಾಲೆಗೆ ಸೇರಿದ್ದ ಒಬ್ಬ ಹುಡುಗನ ಮನೆಮಾತು ತೆಲುಗು. ಅವನು, "ನಮ್ಮಪ್ಪ ತಿರುಪತಿಗೆ ಹೋಗಿ ಗುಂಡು ಮಾಡಿಸಿಕೊಂಡು ಬಂದ" ಎಂದ. ಕೆಲವರಿಗೆ ಗಾಬರಿಯಾಯಿತು. ತೆಲುಗಿನಲ್ಲಿ ಬೋಳಿಸಿದ ತಲೆಗೆ ಗುಂಡು ಎನ್ನುತ್ತಾರೆ. ಕನ್ನಡದಲ್ಲೂ ಎಷ್ಟೋ ಕಡೆ 'ತಲೆ ಗುಂಡು ಹೊಡೆಸಿಕೊಂಡ' ಎನ್ನುವುದುಂಟು. 'ಗುಂಡು ಹೊಡೆದ' ಎಂದರೆ ಒಂದು, 'ಗುಂಡು ಹೊಡೆಸಿಕೊಂಡ' ಎಂದರೆ ಇನ್ನೊಂದು. ಇಲ್ಲಿ ಗುಂಡು ಪದವನ್ನು ಒಂಟಿಯಾಗಿ ಹಿಡಿದು ಅರ್ಥ ಕೇಳಿದರೆ ಯಾರು ತಾನೇ ಹೇಳಬಲ್ಲರು? ಪಕ್ಕದ ಪದವೇ ಅರ್ಥವನ್ನು ಹೇಳಿಕೊಡುತ್ತದೆ.

ಗುಂಡು ಪದದ ಮಗ್ಗುಲಲ್ಲಿ ಇನ್ನೂ ಎರಡು ಪದಗಳಿವೆ: ಗುಂಡಿ ಮತ್ತು ಗುಂಡಿಗೆ. ಇವೆಲ್ಲ ಒಂದೇ ಬೇರಿನಿಂದ ಹುಟ್ಟಿದವು ಎಂದು ನಾನು ಹೇಳುತ್ತಿಲ್ಲ. ಕಿವಿಗೆ ಮಾತ್ರ ಅಣ್ಣತಮ್ಮಂದಿರಂತೆ ಕೇಳಿಸುತ್ತವೆ. ಗುಂಡಿ ಎಂದರೆ ನೆಲದಲ್ಲಿರುವ ತಗ್ಗು. ಅಂಗಿಗೆ ಹಾಕುವ ಗುಂಡಿಯೂ ಇದೆ. ಮರಾಠಿಯಲ್ಲಿಯೂ ಅಂಗಿಯ ಗುಂಡಿಗೆ ಗುಂಡಿ ಎಂದೇ ಹೆಸರು. ಒಮ್ಮೆ ಒಬ್ಬ ಹುಡುಗ ಓಡಿ ಬಂದು, "ಸರ್, ನನ್ನ ಗುಂಡಿ ಗುಂಡ್ಯಾಗ ಬಿದ್ದದ್ರಿ!" ಎಂದು ಹೇಳಿದ. ಅವನ ಅಂಗಿ ನೋಡಿದ ಮೇಲೆಯೇ ನನಗೆ ಗೊತ್ತಾಯಿತು.

ಗುಂಡಿಗೆ ಎಂದರೆ ಹೃದಯ. ಧೈರ್ಯಕ್ಕೂ ಗುಂಡಿಗೆ ಎನ್ನುತ್ತೇವೆ. 'ಅವನದು ಗಟ್ಟಿ ಗುಂಡಿಗೆ' ಎಂದರೆ ಅವನು ಅಂಜುವವನಲ್ಲ. ಈಗ ಒಂದು ವಿಚಿತ್ರ ನೋಡಿ. ಗುಂಡು ಪದಕ್ಕೆ 'ಗೆ' ಸೇರಿಸಿದರೆ ಗುಂಡಿಗೆ. ಗುಂಡಿ ಪದಕ್ಕೆ 'ಗೆ' ಸೇರಿಸಿದರೂ ಗುಂಡಿಗೆ. ಹೃದಯವೂ ಗುಂಡಿಗೆ. ಬರೆಯುವಾಗ ಮೂರೂ ಒಂದೇ ರೀತಿ. 'ಗುಂಡಿಗೆ ದಾರ ಪೋಣಿಸು', 'ಗುಂಡಿಗೆ ಅಂಜಬೇಡ', 'ಗುಂಡಿಗೆ ಡವಡವ ಎನ್ನುತ್ತಿದೆ'. ಓದಿದ ಕೂಡಲೇ ನಿಮಗೆ ಅರ್ಥವಾಯಿತು. ಯಾರೂ ಗೊಂದಲಪಡಲಿಲ್ಲ. ವಾಕ್ಯದ ಬಲ ಅಂಥದ್ದು.

ಸೊಲ್ಲಾಪುರದ ಜನರಿಗೆ ಈ ಪದಗಳು ಬರೀ ಆಟದ ಮಾತಲ್ಲ. 1930ರ ಮೇ ತಿಂಗಳಲ್ಲಿ ಸ್ವಾತಂತ್ರ್ಯ ಚಳವಳಿ ಜೋರಾಗಿದ್ದಾಗ ಅಲ್ಲಿ ಸೇರಿದ್ದ ಜನರ ಮೇಲೆ ಬ್ರಿಟಿಷ್ ಸರಕಾರದ ಪೊಲೀಸರು ಗುಂಡು ಹಾರಿಸಿದರು. ಆಮೇಲೆ ಊರಿನಲ್ಲಿ ಸೈನಿಕ ಕಾಯಿದೆ ಜಾರಿಯಾಯಿತು. ಮಲ್ಲಪ್ಪ ಧನಶೆಟ್ಟಿ, ಜಗನ್ನಾಥ ಶಿಂದೆ, ಕಿಸನ್ ಸಾರಡಾ, ಕುರ್ಬಾನ್ ಹುಸೇನ್ ಈ ನಾಲ್ವರನ್ನು 1931ರ ಜನವರಿ 12ರಂದು ಗಲ್ಲಿಗೇರಿಸಿದರು. ಸೊಲ್ಲಾಪುರದ ಹುತಾತ್ಮರ ಚೌಕದಲ್ಲಿ ಅವರ ಪ್ರತಿಮೆಗಳಿವೆ. ಆ ಚೌಕದಲ್ಲಿ ನಿಂತು 'ಗುಂಡು' ಎಂದರೆ ನೋವು ನೆನಪಾಗುತ್ತದೆ. 'ಗುಂಡಿಗೆ' ಎಂದರೆ ಆ ನಾಲ್ವರ ಧೈರ್ಯ ನೆನಪಾಗುತ್ತದೆ. ಆಯಿಯ ಅಂಗಳದಲ್ಲಿ ಅದೇ ಪದ ಹೇಳಿದರೆ ಶೇಂಗಾ ಚಟ್ನಿಯ ವಾಸನೆ ಬರುತ್ತದೆ. ಒಂದು ಪದ ಇಷ್ಟೆಲ್ಲ ಹೊತ್ತುಕೊಂಡಿರುವಾಗ, ಒಂದೇ ಅರ್ಥ ಬರೆದು ಮುಗಿಸು ಎಂದು ಮಕ್ಕಳಿಗೆ ಹೇಳುವುದು ಸರಿಯೇ?

ಗುಂಡು ಪದಕ್ಕೆ ಇನ್ನೊಂದು ಗೆಳೆಯ ಇದೆ: ದುಂಡು. ಬಡಿದ ರೊಟ್ಟಿ ದುಂಡಗೆ ಬಂದರೆ ಅವ್ವನಿಗೆ ಖುಷಿ. ಹೂವಿನಲ್ಲಿ ದುಂಡುಮಲ್ಲಿಗೆ ಇದೆ. ನಿಮ್ಮ ಬರವಣಿಗೆ ಚೆನ್ನಾಗಿದ್ದರೆ 'ದುಂಡು ಅಕ್ಷರ' ಎಂದು ಹೊಗಳುತ್ತಾರೆ. ನಮ್ಮ ಕನ್ನಡ ಅಕ್ಷರಗಳೇ ದುಂಡು. ನೀವು ಮರಾಠಿಯನ್ನೂ ಬರೆಯುತ್ತೀರಿ. ಅಲ್ಲಿ ಪದದ ತಲೆಯ ಮೇಲೆ ನೇರ ಗೆರೆ ಎಳೆಯುತ್ತೀರಿ. ಕನ್ನಡದಲ್ಲಿ ಆ ಗೆರೆ ಇಲ್ಲ, ಕೈ ಸುತ್ತಿ ಸುತ್ತಿ ಹೋಗುತ್ತದೆ. ಹಿಂದೆ ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಬರೆಯುವಾಗ ನೇರ ಗೆರೆ ಎಳೆದರೆ ಗರಿ ಸೀಳುತ್ತಿತ್ತು, ಅದಕ್ಕಾಗಿ ಅಕ್ಷರಗಳು ದುಂಡಾದವು ಎಂದು ಹಿರಿಯರು ಹೇಳುವುದುಂಟು. ಒಂದೇ ಕೈಯಿಂದ ಗೆರೆಯ ಅಕ್ಷರವನ್ನೂ ದುಂಡು ಅಕ್ಷರವನ್ನೂ ಬರೆಯುವ ನೀವು ಭಾಗ್ಯವಂತರು.

'ದುಂಡು ಮೇಜಿನ ಪರಿಷತ್ತು' ಎಂಬ ಮಾತನ್ನು ನೀವು ಇತಿಹಾಸದಲ್ಲಿ ಓದುವಿರಿ. ಮರಾಠಿಯಲ್ಲಿ ಅದು 'ಗೋಲಮೇಜ ಪರಿಷದ'. 1930ರಿಂದ 1932ರವರೆಗೆ ಲಂಡನ್ನಿನಲ್ಲಿ ಇಂಥ ಮೂರು ಪರಿಷತ್ತುಗಳು ನಡೆದವು. ಡಾ. ಬಾಬಾಸಾಹೇಬ ಅಂಬೇಡ್ಕರರು ಮೂರಕ್ಕೂ ಹೋಗಿದ್ದರು. ಉದ್ದ ಮೇಜಿಗೆ ತಲೆಯ ಕಡೆ ಒಂದು, ಬುಡದ ಕಡೆ ಒಂದು ಇರುತ್ತದೆ. ದೊಡ್ಡವರು ತಲೆಯ ಕಡೆ ಕೂರುತ್ತಾರೆ. ದುಂಡು ಮೇಜಿಗೆ ತಲೆಯೂ ಇಲ್ಲ, ಬುಡವೂ ಇಲ್ಲ. ಎಲ್ಲರೂ ಸರಿಸಮನಾಗಿ ಕೂತು ಮಾತನಾಡುವ ಸಭೆಗೆ ಅದಕ್ಕೇ ಆ ಹೆಸರು. ಇಲ್ಲಿ ದುಂಡು ಎಂಬುದು ಆಕಾರವನ್ನು ಬಿಟ್ಟು ಸಮಾನತೆಯನ್ನು ಹೇಳುತ್ತಿದೆ.

ನಮ್ಮ ಗಡಿ ಸೀಮೆಯಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ಎಲ್ಲವೂ ಒಂದೇ ಬಜಾರಿನಲ್ಲಿ ಕೇಳಿಸುತ್ತವೆ. ಪರೀಕ್ಷೆಯಲ್ಲಿ ಏನೂ ಬರೆಯದಿದ್ದರೆ ಕನ್ನಡದಲ್ಲಿ 'ಸೊನ್ನೆ ಸುತ್ತಿದರು' ಎನ್ನುತ್ತೇವೆ. ತೆಲುಗಿನವರು 'ಗುಂಡು ಸುನ್ನಾ' ಎನ್ನುತ್ತಾರೆ. ಮರಾಠಿ ಗೆಳೆಯರು 'ಭೋಪಳಾ ಸಿಕ್ಕಿತು' ಎಂದು ನಗುತ್ತಾರೆ. ಭೋಪಳಾ ಎಂದರೆ ಕುಂಬಳಕಾಯಿ. ಮೂವರೂ ದುಂಡಗಿನದನ್ನೇ ಹುಡುಕಿದ್ದಾರೆ. ನಮ್ಮ 'ಆಯಿ' ಅಜ್ಜಿ, ಮರಾಠಿಯ 'ಆಯಿ' ತಾಯಿ. ಇದು ಯಾರ ತಪ್ಪೂ ಅಲ್ಲ. ಕನ್ನಡದ ಒಳಗೇ ಎಷ್ಟು ಬಗೆ ಇದೆ ನೋಡಿ. ನಾವು 'ಗುಂಡಗ ಐತಿ' ಎನ್ನುತ್ತೇವೆ. ಪುಸ್ತಕದಲ್ಲಿ 'ದುಂಡಗಿದೆ' ಎಂದು ಬರೆಯುತ್ತಾರೆ. ಕೇರಳದ ಕಾಸರಗೋಡಿನಲ್ಲಿ ಕನ್ನಡ ಶಾಲೆಗೆ ಹೋಗುವ ಮಗು 'ಉರುಟು' ಎನ್ನುತ್ತದೆ. ಆ ಮಗು ನಮ್ಮ ಶಾಲೆಗೆ ಬಂದು ಉರುಟು ಎಂದರೆ ನಾವು ನಗಬೇಕೇ? ನಾವು ಅಲ್ಲಿಗೆ ಹೋಗಿ ಗುಂಡಗ ಎಂದರೆ ಅವರು ನಗಬೇಕೇ? ಇಬ್ಬರ ಮಾತೂ ಕನ್ನಡವೇ. ಒಬ್ಬರ ಪದ ಇನ್ನೊಬ್ಬರು ಕಲಿತರೆ ಇಬ್ಬರಿಗೂ ಲಾಭ.

ನನ್ನ ಮಾತಿಗೆ ಕೆಲವು ಶಿಕ್ಷಕರು ಒಪ್ಪಲಿಲ್ಲ. "ಹೀಗೆ ಎಲ್ಲವೂ ಸರಿ ಎಂದರೆ ಪರೀಕ್ಷೆ ಹೇಗೆ ನಡೆಸುವುದು? ಗಣಿತದಲ್ಲಿ ಏನು ಮಾಡುವುದು?" ಎಂದು ಕೇಳಿದರು. ಅವರ ಮಾತಿನಲ್ಲಿ ನಿಜವಿದೆ. ಬಳೆಯೂ ದುಂಡು, ಚೆಂಡೂ ದುಂಡು. ಆದರೆ ಕಾಗದದ ಮೇಲೆ ಬಳೆಯ ಅಂಚನ್ನು ಬರೆದರೆ ಅದು ವೃತ್ತ. ಮರಾಠಿಯಲ್ಲಿ ಅದಕ್ಕೆ ವರ್ತುಳ ಎನ್ನುತ್ತಾರೆ. ಚೆಂಡಿನ ಆಕಾರಕ್ಕೆ ಗೋಳ ಎಂಬ ಹೆಸರಿದೆ. ಗಣಿತದಲ್ಲಿ ಇವೆರಡನ್ನೂ ಬರೀ ದುಂಡು ಎಂದರೆ ಲೆಕ್ಕ ತಪ್ಪುತ್ತದೆ. ವಿಜ್ಞಾನದಲ್ಲೂ ಹಾಗೆಯೇ. 'ಭೂಮಿ ಗುಂಡಗಿದೆ' ಎಂದು ನಾವು ಹೇಳುತ್ತೇವೆ. ಅಳೆದು ನೋಡಿದರೆ ಭೂಮಧ್ಯರೇಖೆಯ ಕಡೆ ಭೂಮಿಯ ವ್ಯಾಸ ಸುಮಾರು 12,756 ಕಿಲೋಮೀಟರ್, ಧ್ರುವಗಳ ಕಡೆ ಸುಮಾರು 12,714 ಕಿಲೋಮೀಟರ್. ಅಂದರೆ ಭೂಮಿ ಸ್ವಲ್ಪ ಚಪ್ಪಟೆಯಾದ ಗುಂಡು. ಇಂಥ ಕಡೆ ಖಚಿತವಾದ ಪದ ಬೇಕೇ ಬೇಕು.

ಆದರೆ ಖಚಿತವಾದ ಪದ ಕಲಿಯಲು ಮನೆಯ ಪದ ಅಡ್ಡಿಯಾಗುವುದಿಲ್ಲ. ಗುಂಡು ಗೊತ್ತಿದ್ದ ಮಗುವಿಗೆ ಗೋಳ ಬೇಗ ಗೊತ್ತಾಗುತ್ತದೆ. ಪರೀಕ್ಷೆಯ ಪ್ರಶ್ನೆಗೂ ಉಪಾಯವಿದೆ. 'ಗುಂಡು ಪದದ ಅರ್ಥ ಬರೆಯಿರಿ' ಎಂದು ಕೇಳುವ ಬದಲು 'ಸೈನಿಕನು ಗುಂಡು ಹಾರಿಸಿದನು' ಎಂದು ವಾಕ್ಯ ಕೊಟ್ಟು, ಈ ವಾಕ್ಯದಲ್ಲಿ ಗುಂಡು ಎಂದರೇನು ಎಂದು ಕೇಳಿದರಾಯಿತು. ಅವತ್ತು ನಾನು ಹಾಗೆ ಕೇಳಿದ್ದರೆ ಆ ಹುಡುಗಿ ಸರಿಯಾಗಿಯೇ ಬರೆಯುತ್ತಿದ್ದಳು. ನನ್ನ ಪ್ರಶ್ನೆ ಅರ್ಧವಾಗಿತ್ತು. ಅರ್ಧ ಪ್ರಶ್ನೆ ಕೇಳಿ ಪೂರ್ತಿ ಅಂಕ ಕಳೆದೆ.

ಇನ್ನೊಂದು ಮಾತು ಹೇಳಲೇಬೇಕು. ಗುಂಡು ಪದವನ್ನು ಫಲಕದ ಮೇಲೆ ಬರೆದ ದಿನ ಎಲ್ಲ ಮಕ್ಕಳೂ ಹಿಂದಿನ ಸಾಲಿನ ಒಬ್ಬ ಹುಡುಗನ ಕಡೆ ತಿರುಗಿ ನಕ್ಕರು. ಅವನು ಸ್ವಲ್ಪ ದಪ್ಪಗಿದ್ದ. ಎಲ್ಲರೂ ಅವನನ್ನು 'ಗುಂಡ' ಎಂದೇ ಕರೆಯುತ್ತಿದ್ದರು. ಅವನು ತಲೆ ತಗ್ಗಿಸಿ ಕುಳಿತ. ಊಟದ ಬಿಡುವಿನಲ್ಲಿ ಅವನನ್ನು ಹತ್ತಿರ ಕರೆದು, ಮನೆಯಲ್ಲಿ ಏನೆಂದು ಕರೆಯುತ್ತಾರೆ ಎಂದು ಕೇಳಿದೆ. "ಅವ್ವನೂ ಗುಂಡ ಅಂತಾಳ್ರಿ" ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದ: "ಅವ್ವ ಕರದ್ರ ಬ್ಯಾಸರ ಆಗಂಗಿಲ್ರಿ ಸರ್. ಇವರು ಕರದ್ರ ಆಗ್ತದ್ರಿ."

ಪದದ ಅರ್ಥದ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇದೇ ದೊಡ್ಡದು. ಅವ್ವನ ಬಾಯಲ್ಲಿ ಗುಂಡ ಎಂದರೆ ಮುದ್ದು. ಗುಂಪಿನ ಬಾಯಲ್ಲಿ ಗುಂಡ ಎಂದರೆ ಅಪಹಾಸ್ಯ. ಅಕ್ಷರ ಎರಡೇ, ಅವೇ ಅಕ್ಷರಗಳು. ಆದರೆ ಕೇಳುವವನ ಗುಂಡಿಗೆಗೆ ತಾಗುವ ರೀತಿ ಬೇರೆ. ಕನ್ನಡಿಗರು ಪ್ರೀತಿಯಿಂದ ಮಕ್ಕಳಿಗೆ ಗುಂಡಪ್ಪ, ಗುಂಡಮ್ಮ ಎಂದು ಹೆಸರಿಟ್ಟಿದ್ದಾರೆ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರು 'ಮಂಕುತಿಮ್ಮನ ಕಗ್ಗ' ಬರೆದು ನಾಡಿನಲ್ಲೆಲ್ಲ ಹೆಸರಾದರು. ಭದ್ರಾವತಿಯಲ್ಲಿ ಹುಟ್ಟಿದ ಕ್ರಿಕೆಟ್ ಆಟಗಾರ ಗುಂಡಪ್ಪ ವಿಶ್ವನಾಥ್ 1969ರಲ್ಲಿ ಕಾನಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ತಮ್ಮ ಮೊದಲ ಟೆಸ್ಟ್ ಆಡಿದರು. ಮೊದಲ ಸರದಿಯಲ್ಲಿ ಅವರಿಗೆ ಸಿಕ್ಕಿದ್ದು ಸೊನ್ನೆ. ಎರಡನೆಯ ಸರದಿಯಲ್ಲಿ 137 ಓಟ ಹೊಡೆದರು. ಈ ಕಥೆಯನ್ನು ತರಗತಿಯಲ್ಲಿ ಹೇಳಿದೆ. ಆದರೆ ಕಥೆ ಹೇಳಿದರೆ ಸಾಲದು ಎಂದು ನನಗೆ ಗೊತ್ತಿತ್ತು. "ಇವನ ಹಾಜರಿ ಪುಸ್ತಕದ ಹೆಸರು ಎಲ್ಲರಿಗೂ ಗೊತ್ತಿದೆ. ಇನ್ನು ಮೇಲೆ ಅದನ್ನೇ ಕರೆಯಿರಿ. ಬೇರೆ ಹೆಸರು ಬೇಕೋ ಬೇಡವೋ ಅವನೇ ಹೇಳಲಿ" ಎಂದೆ. ಒಂದೇ ದಿನದಲ್ಲಿ ಎಲ್ಲರೂ ಬಿಡಲಿಲ್ಲ. ನಿಧಾನವಾಗಿ ಬಿಟ್ಟರು. ಪದಗಳನ್ನು ಕಲಿಯುವವರು, ಯಾವ ಪದ ಯಾರಿಗೆ ನೋಯಿಸುತ್ತದೆ ಎಂಬುದನ್ನೂ ಕಲಿಯಬೇಕು.

ಈಗ ಬಹಳ ಮನೆಗಳಿಗೆ ಮಿಕ್ಸರ್ ಬಂದಿದೆ. ಕೆಲಸ ಹಗುರವಾಗಿದೆ, ಅದು ಒಳ್ಳೆಯದೇ. ಆಯಿಯ ರಟ್ಟೆ ನೋಯುವುದು ಯಾರಿಗೂ ಬೇಡ. ಆದರೆ ಒಳಕಲ್ಲು ಹಿತ್ತಿಲ ಮೂಲೆಗೆ ಹೋದ ಹಾಗೆ ಅದರ ಸುತ್ತಲಿನ ಮಾತುಗಳೂ ಮೂಲೆಗೆ ಹೋಗುತ್ತಿವೆ. ಕಲ್ಲು ಮಣ್ಣಿನಲ್ಲಿ ಬಿದ್ದಿದ್ದರೂ ಉಳಿಯುತ್ತದೆ. ಮಾತು ಹಾಗಲ್ಲ. ಹೇಳುವವರು ಹೋದರೆ, ಕೇಳಿದವರು ಇಲ್ಲದಿದ್ದರೆ, ಅದು ಅಲ್ಲಿಗೆ ಮುಗಿಯಿತು. ರಾಜ್ಯದ ಗಡಿಯಲ್ಲಿರುವ ನಮ್ಮಂಥವರಿಗೆ ಇದು ಇನ್ನೂ ಮುಖ್ಯ. ನಮ್ಮ ಊರಿನ ಎಷ್ಟೋ ಮಾತುಗಳು ಯಾವ ಪುಸ್ತಕದಲ್ಲೂ ಇಲ್ಲ. ಅವು ನಿಮ್ಮ ಆಯಿ, ಮುತ್ಯಾ, ಅವ್ವ, ಅಪ್ಪನ ಬಾಯಲ್ಲಿ ಮಾತ್ರ ಇವೆ.

ಅದಕ್ಕಾಗಿ ನಿಮ್ಮಲ್ಲಿ ನನ್ನದೊಂದು ವಿನಂತಿ. ಒಂದು ವಹಿ ಮಾಡಿಕೊಳ್ಳಿ. ದಿನಕ್ಕೆ ಒಂದು ಪದ ಸಾಕು. ಮನೆಯಲ್ಲಿ ಅದನ್ನು ಯಾವ ವಾಕ್ಯದಲ್ಲಿ ಹೇಳುತ್ತಾರೋ ಆ ವಾಕ್ಯವನ್ನೇ ಬರೆದುಕೊಳ್ಳಿ. ಅದರ ಪಕ್ಕದಲ್ಲಿ ಪುಸ್ತಕದ ಪದ ಬರೆಯಿರಿ. ನೆರೆಮನೆಯವರ ಮರಾಠಿ ಪದವನ್ನೋ ತೆಲುಗು ಪದವನ್ನೋ ಕೇಳಿ ಬರೆಯಿರಿ. ಶಾಲೆಯಲ್ಲಿ ಓದಿ ತೋರಿಸಿ. ಯಾರಾದರೂ ತಪ್ಪು ಎಂದರೆ, ಸಿಟ್ಟು ಮಾಡಬೇಡಿ, ಸುಮ್ಮನೆಯೂ ಕೂರಬೇಡಿ. "ನಮ್ಮ ಮನೆಯಲ್ಲಿ ಹೀಗೆ ಅಂತಾರೆ" ಎಂದು ಮರ್ಯಾದೆಯಿಂದ ಹೇಳಿ.

ಆ ಹುಡುಗಿ ಅಂಥ ವಹಿ ಮಾಡಿದಳು. ವರ್ಷದ ಕೊನೆಗೆ ಅದನ್ನು ನನಗೆ ತೋರಿಸಿದಳು. ಮೊದಲ ಪುಟದಲ್ಲಿ 'ಗುಂಡು' ಎಂದು ದುಂಡು ಅಕ್ಷರದಲ್ಲಿ ಬರೆದಿತ್ತು. ಕೆಳಗೆ ಹನ್ನೊಂದು ವಾಕ್ಯಗಳಿದ್ದವು. ಮೊದಲನೆಯ ವಾಕ್ಯ: 'ನಮ್ಮ ಆಯಿ ಗುಂಡಿನಿಂದ ಖಾರ ರುಬ್ಬುತ್ತಾಳೆ.' ಎರಡನೆಯದು: 'ಸೈನಿಕನು ಗುಂಡು ಹಾರಿಸಿದನು.' ಮರುದಿನ ಪ್ರಶ್ನೆ ಕೇಳಿದಾಗ ಅವಳ ಕೈ ಮೊದಲಿನಂತೆ ಮೇಲೆ ಇತ್ತು.

ಅಭ್ಯಾಸ

1. ಶಿಕ್ಷಕರು ಹುಡುಗಿಯ ಉತ್ತರವನ್ನು ಮೊದಲು ಏಕೆ ತಪ್ಪು ಎಂದರು? ಆಮೇಲೆ ಏಕೆ ತಿದ್ದಿದರು?

2. ಗುಂಡುಸೂಜಿಗೆ ಆ ಹೆಸರು ಹೇಗೆ ಬಂತು?

3. 'ಅವ್ವ ಕರೆದರೆ ಬೇಸರವಿಲ್ಲ, ಇವರು ಕರೆದರೆ ಬೇಸರ' ಎಂದು ಹುಡುಗ ಏಕೆ ಹೇಳಿದ? ನಿಮ್ಮ ಮಾತಿನಲ್ಲಿ ಬರೆಯಿರಿ.

4. 'ಗುಂಡಿಗೆ' ಪದವನ್ನು ಮೂರು ಬೇರೆ ಬೇರೆ ಅರ್ಥ ಬರುವಂತೆ ಸ್ವಂತ ವಾಕ್ಯಗಳಲ್ಲಿ ಬಳಸಿರಿ.

5. ಲೇಖಕರ ಅಭಿಪ್ರಾಯವನ್ನು ನೀವು ಒಪ್ಪುತ್ತೀರಾ? ಏಕೆ? ಗೆಳೆಯರೊಂದಿಗೆ ದುಂಡಗೆ ಕುಳಿತು ಚರ್ಚಿಸಿರಿ.

6. ಮಾಡಿ ನೋಡಿ: 'ಕಣ್ಣು' ಪದವನ್ನು ನಿಮ್ಮ ಮನೆಯಲ್ಲಿ ಯಾವ ಯಾವ ವಸ್ತುಗಳಿಗೆ ಹೇಳುತ್ತಾರೆ? ಹಿರಿಯರನ್ನು ಕೇಳಿ ಐದು ವಾಕ್ಯ ಬರೆಯಿರಿ.